ಪಟ್ಟಿಯಲ್ಲಿ ಕಾಣುವ ಹೆಸರು ಹುಡುಕಿದರೆ ಏಕೆ ಸಿಗುವುದಿಲ್ಲ?



ಸದಸ್ಯರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಆದೋನಿ, ಆಲೂರು, ಕೋಸಿಗಿ, ಕೌತಾಳಂ ಎಲ್ಲ ಕಡೆಯಿಂದ ಒಂದೇ ದೂರು: ಹೆಸರು ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಇಲ್ಲ ಎನ್ನುತ್ತದೆ. ಹೆಸರು ಸಿಗದಿದ್ದರೆ ಚಂದಾ ರಸೀದಿ ಹೊರಡುವುದಿಲ್ಲ, ಮಹಾಸಭೆಯ ಮತದಾರರ ಯಾದಿಗೂ ಸೇರುವುದಿಲ್ಲ. ಆದ್ದರಿಂದ ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಟೈಪ್ ಮಾಡಿದ ಹುಡುಗರನ್ನು ದೂರಿ ಪ್ರಯೋಜನವಿಲ್ಲ; ಬಹುಪಾಲು ಗೊಂದಲ ನಿಯಮದಲ್ಲೇ ಇತ್ತು.

ಕಂಪ್ಯೂಟರ್ ಅಕ್ಷರದ ಆಕಾರವನ್ನು ನೆನಪಿಡುವುದಿಲ್ಲ, ಅಕ್ಷರಕ್ಕೊಂದು ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದು ಯೂನಿಕೋಡ್ ನಿಯಮ. ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡವಿದೆ. ತೆಲುಗಿಗೆ 128 ಮನೆ, ಅದಕ್ಕೆ ಅಂಟಿಕೊಂಡೇ ಕನ್ನಡಕ್ಕೆ 128 ಮನೆ. (ಅಲ್ಲಿಯೂ ನಾವು ಗಡಿಯವರೇ!) ಒತ್ತಕ್ಷರಗಳಿಗೆ ಬೇರೆ ಸಂಖ್ಯೆ ಇಲ್ಲ. ಅಕ್ಷರ, ಹಲಂತ, ಮತ್ತೆ ಅಕ್ಷರ, ಹೀಗೆ ಮೂರನ್ನು ಸಾಲಾಗಿ ಇಟ್ಟರೆ ಒತ್ತು ಮೂಡುತ್ತದೆ.

ತೊಡಕು ಬರುವುದು 'ರ' ಮೊದಲಿದ್ದಾಗ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ಆದೋನಿ, ಆಲೂರು ಸೀಮೆಯಲ್ಲಿ ನಮ್ಮಲ್ಲಿ ಬಹಳ ಮಂದಿ ಎರಡೂ ಲಿಪಿ ಬಲ್ಲವರು. ರ, ಹಲಂತ, ಯ ಎಂದು ತೆಲುಗಿನಲ್ಲಿ ಒತ್ತಿ ನೋಡಿ: ರ ಮೇಲೆಯೇ ಇದ್ದು ಯ ಒತ್ತಾಗುತ್ತದೆ. ಕನ್ನಡದಲ್ಲಿ ಅದೇ ಮೂರನ್ನು ಒತ್ತಿದರೆ 'ಸೂರ್ಯ'ದಲ್ಲಿರುವಂತೆ ಅರ್ಕಾವತ್ತು ಬರುತ್ತದೆ. ಸೂರ್ಯನಿಗೆ ಅದು ಸರಿ. ಆದರೆ 'ರ‍್ಯಾಲಿ', 'ರ‍್ಯಾಂಕ್' ಬರೆಯುವಾಗ ಪದದ ಮೊದಲಲ್ಲೇ ಅರ್ಕಾವತ್ತು ಬಂದರೆ ಓದುವವರು ತಡವರಿಸುತ್ತಾರೆ. ಅದನ್ನು ತಪ್ಪಿಸಲು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಅದರ ಹೆಸರು ಝೀರೋ ವಿಡ್ತ್ ಜಾಯ್ನರ್.

ಅದನ್ನು ಹಲಂತದ ಮುಂಚೆ ಹಾಕಬೇಕೋ, ಆಮೇಲೋ? ಹಳೆಯ ಪದ್ಧತಿಯಲ್ಲಿ ಹಲಂತದ ಆಮೇಲೆ ಹಾಕುತ್ತಿದ್ದರು. ಭಾರತೀಯ ಲಿಪಿಗಳಲ್ಲಿ ಈ ಗುರುತಿನ ಕೆಲಸವೇನೆಂಬುದನ್ನು ಸ್ಪಷ್ಟಪಡಿಸಲು ಯೂನಿಕೋಡ್ ಒಕ್ಕೂಟ 2004ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳಿತು. ಈಗಿನ ನಿಯಮದ ಕ್ರಮ: ರ, ಜಾಯ್ನರ್, ಹಲಂತ, ಯ. ನಿಯಮ ಬದಲಾದರೂ ಹಳೆಯ ಕಡತಗಳು ಎಲ್ಲಿ ಹೋಗುತ್ತವೆ? ಅವು ಕೆಡಬಾರದೆಂದು ಅಕ್ಷರ ಮೂಡಿಸುವ ತಂತ್ರಾಂಶಗಳು ಹಳೆಯ ಕ್ರಮವನ್ನೂ ಹೊಸದರಂತೆಯೇ ತೋರಿಸುತ್ತವೆ. ಉಪಕಾರವೇ ಸರಿ, ಆದರೆ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 'ಸೂರ್ಯನಾರಾಯಣ' ಎಂಬ ಒಂದೇ ಹೆಸರನ್ನು ಅರ್ಕಾವತ್ತಿನಿಂದ ಒಂದು ಬಗೆ, ಯ ಒತ್ತಿನಿಂದ ಎರಡು ಬಗೆ, ಒಟ್ಟು ಮೂರು ಬಗೆಯಲ್ಲಿ ಶೇಖರಿಸಬಹುದು. ಹುಡುಕುವ ಯಂತ್ರಕ್ಕೆ ಅವರು ಮೂವರು ಬೇರೆ ಬೇರೆ ಮನುಷ್ಯರು.

'ರಾಜ್‌ಕುಮಾರ್' ಎಂಬಲ್ಲಿ ಇದಕ್ಕೆ ವಿರುದ್ಧ ಕೆಲಸದ ಗುರುತು ಬೇಕು, ನಾನ್ ಜಾಯ್ನರ್. ಅದು ಹಲಂತದ ಆಮೇಲೆ ಬರುತ್ತದೆ. ಹಾಕದಿದ್ದರೆ 'ರಾಜ್ಕುಮಾರ್' ಆಗುತ್ತದೆ.

ಇನ್ನೊಂದು ತೊಂದರೆಗೆ ಮಾತ್ರ ನಿಯಮ ಹೊಣೆಯಲ್ಲ. ಕೆಲವರು ಅನುಸ್ವಾರದ ಬದಲು ಕನ್ನಡದ ಸೊನ್ನೆಯನ್ನೂ, ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನೂ ಒತ್ತುತ್ತಾರೆ. ಕಾಗದದ ಮೇಲೆ ನಡೆದೀತು, ಆದರೆ 'ಕೌತಾಳ೦' ಎಂದು ಸೊನ್ನೆ ಹಾಕಿದ ಊರು ಪಟ್ಟಿಯಲ್ಲಿ ಕೌತಾಳಂ ಆಗಿ ಸಿಗುವುದಿಲ್ಲ.

ಇನ್ನು ಮುಂದೆ ನಮ್ಮ ಪಟ್ಟಿಯಲ್ಲಿ ಹೆಸರುಗಳನ್ನು ಅರ್ಕಾವತ್ತಿನಲ್ಲೇ ಬರೆಯೋಣ. ಜಾಯ್ನರ್ ರ‍್ಯಾಲಿ, ರ‍್ಯಾಂಕ್‌ನಂಥ ಪದಗಳಿಗೆ ಮಾತ್ರ ಇರಲಿ, ಅದೂ ಹಲಂತದ ಮುಂಚೆ. ಹೆಸರು ಸಿಗದವರು ಸದಸ್ಯತ್ವ ಸಂಖ್ಯೆ ತಿಳಿಸಿದರೆ ಸಾಕು, ಅದರಿಂದ ಹುಡುಕಿ ಹೊಸದಾಗಿ ಟೈಪ್ ಮಾಡಿಸುತ್ತೇವೆ. ಹಳೆಯ ಸಾಲಿನಿಂದ ನಕಲು ಮಾಡಿ ಕಳುಹಿಸಬೇಡಿ, ಕಾಣದ ಗುರುತೂ ಜೊತೆಗೇ ಬರುತ್ತದೆ.

– ಕಾರ್ಯದರ್ಶಿ