ಗಣಕದ ಉಗ್ರಾಣ

ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಎಂಬ ಗ್ರಾಮವಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ನೆಲೆಗೊಂಡಿರುವುದು ಇಲ್ಲಿಯೇ. ಇಂತಹ ಊರಿನ ವಿದ್ಯಾರ್ಥಿಯೊಬ್ಬನು ಡೆಬಿಯನ್ ಲಿನಕ್ಸ್ ಇರುವ ಗಣಕಯಂತ್ರದಲ್ಲಿ ಕನ್ನಡದ ಬರಹವೊಂದನ್ನು ತೆರೆದನೆಂದು ಇಟ್ಟುಕೊಳ್ಳಬಹುದು. ಅಕ್ಷರಗಳಿರಬೇಕಾದ ಕಡೆ ಬರಿಯ ಚೌಕಗಳ ಸಾಲು ಕಾಣುತ್ತದೆ. ಬರಹವೇನೂ ಕೆಟ್ಟಿಲ್ಲ, ಅದನ್ನು ತೋರಿಸಬಲ್ಲ ಕನ್ನಡದ ಫಾಂಟ್ ಆ ಗಣಕದಲ್ಲಿಲ್ಲ, ಅಷ್ಟೆ.

ಇದಕ್ಕೆ ಪರಿಹಾರ ಒಂದೇ ಸಾಲಿನ ಆಜ್ಞೆ. ಟರ್ಮಿನಲ್ ಎಂಬ ಕಿಟಕಿಯನ್ನು ತೆರೆದು, 'ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. 'ಸುಡೊ' ಎಂಬುದು ಯಜಮಾನನ ಅಧಿಕಾರವನ್ನು ಕೇಳುವ ಪದ. 'ಆಪ್ಟ್' ಎಂಬುದು ಉಗ್ರಾಣಿ. ಅಂತರಜಾಲದಲ್ಲಿರುವ ಡೆಬಿಯನ್ನಿನ ಉಗ್ರಾಣದಲ್ಲಿ ತಂತ್ರಾಂಶಗಳನ್ನು ಪೊಟ್ಟಣ ಕಟ್ಟಿ ಇಡಲಾಗಿದೆ. ಒಂದು ಪೊಟ್ಟಣವು ಕೆಲಸ ಮಾಡಲು ಇನ್ನಾವ ಪೊಟ್ಟಣಗಳು ಬೇಕೆಂಬುದು ಅದರ ಮೇಲೆಯೇ ಬರೆದಿರುತ್ತದೆ. ಮೇಲೆ ಹೇಳಿದ ಪೊಟ್ಟಣದೊಳಗೆ ಫಾಂಟುಗಳೇ ಇಲ್ಲವೆಂಬುದು ಸ್ವಾರಸ್ಯದ ಸಂಗತಿ. ಗುಬ್ಬಿ, ನವಿಲು ಮೊದಲಾದ ಹೆಸರಿನ ಫಾಂಟುಗಳು ಬೇಕೆಂಬ ಚೀಟಿ ಮಾತ್ರ ಅದರಲ್ಲಿದೆ. ಆ ಚೀಟಿಯನ್ನು ಓದಿ ಆಪ್ಟ್ ಎಲ್ಲವನ್ನೂ ತರುತ್ತದೆ.

1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ನನ್ನು ಆರಂಭಿಸಿದಾಗ ಆಪ್ಟ್ ಇರಲಿಲ್ಲ. ಪೊಟ್ಟಣವನ್ನು ಬಿಚ್ಚಿ ಜೋಡಿಸುವ ಕೆಲಸ 'ಡಿಪಿಕೆಜಿ' ಎಂಬ ಸಾಧನದ್ದು. ಇಂದಿಗೂ ಅದೇ ಆ ಕೆಲಸ ಮಾಡುತ್ತದೆ. ಆದರೆ ಬೇಕಾದುದು ಇಲ್ಲವೆಂದು ಅದು ದೂರುವುದೇ ಹೊರತು ತಾನಾಗಿ ತರುವುದಿಲ್ಲ. ತರುವ ಹೊಣೆಯನ್ನು ಹೊತ್ತ ಆಪ್ಟ್ 1999ರ ಡೆಬಿಯನ್ ಆವೃತ್ತಿಯಲ್ಲಿ ಸೇರಿತು.

ತೆಗೆಯುವಾಗ ಹೆಚ್ಚಿನ ಎಚ್ಚರ ಬೇಕು. 'ರಿಮೂವ್' ಎಂದರೆ ಪೊಟ್ಟಣ ಹೋಗುತ್ತದೆ, ಅದರ ವ್ಯವಸ್ಥೆಯ ಕಡತಗಳು ಉಳಿಯುತ್ತವೆ. 'ಪರ್ಜ್' ಎಂದರೆ ಅವೂ ಅಳಿಯುತ್ತವೆ. ಒಂದನ್ನು ತೆಗೆದರೆ ಅದನ್ನೇ ನೆಚ್ಚಿಕೊಂಡ ಬೇರೆ ಪೊಟ್ಟಣಗಳೂ ಹೊರಡಬೇಕಾಗುತ್ತದೆ. ಆದುದರಿಂದಲೇ ಆಪ್ಟ್ ಪಟ್ಟಿಯೊಂದನ್ನು ತೋರಿಸಿ ಒಪ್ಪಿಗೆ ಕೇಳುತ್ತದೆ. ಅದನ್ನು ಓದದೆ ಒಪ್ಪಿಗೆ ಕೊಡುವವರೇ ಹೆಚ್ಚು. ಸ್ಥಾಪಿಸುವ ಆಜ್ಞೆಯೂ ಕೆಲವೊಮ್ಮೆ ಇದ್ದುದನ್ನು ತೆಗೆಯಬಲ್ಲುದು. 2021ರಲ್ಲಿ ಗಣಕಗಳ ಪರೀಕ್ಷೆಗೆ ಹೆಸರಾದ ಕೆನಡಾದ ಲೈನಸ್ ಸೆಬಾಸ್ಟಿಯನ್ ಆಟದ ತಂತ್ರಾಂಶವೊಂದನ್ನು ಸ್ಥಾಪಿಸಲು ಹೊರಟರು. ಪೊಟ್ಟಣಗಳ ಹೊಂದಾಣಿಕೆ ತಪ್ಪಿದ್ದರಿಂದ, ಅತ್ಯಗತ್ಯವಾದ ಪೊಟ್ಟಣಗಳು ಅಳಿಯುವುವೆಂದು ಗಣಕವು ಎಚ್ಚರಿಸಿತು. ಮುಂದುವರಿಯಬೇಕಾದರೆ 'ಹೌದು, ನಾನು ಹೇಳಿದಂತೆ ಮಾಡು' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಬರೆಯಬೇಕೆಂದಿತು. ಅವರು ಬರೆದರು. ಕಿಟಕಿ, ಚಿತ್ರಗಳನ್ನು ತೋರಿಸುವ ಇಡೀ ವ್ಯವಸ್ಥೆಯೇ ಅಳಿಸಿಹೋಯಿತು. ಯಂತ್ರವು ಹೇಳಿದಂತೆಯೇ ಮಾಡಿತ್ತು.

ಕಡಗಂಚಿಯ ವಿದ್ಯಾರ್ಥಿಯು ಫಾಂಟ್ಸ್-ಕೆಎನ್‌ಡಿಎ ಪೊಟ್ಟಣವನ್ನು ತೆಗೆದರೆ ಹೋಗುವುದು ಚೀಟಿ ಮಾತ್ರ. ಗುಬ್ಬಿ, ನವಿಲುಗಳು ಉಳಿಯುತ್ತವೆ. ಆದರೆ ಅವನ್ನು ತರಿಸಿದ ಕಾರಣ ಈಗ ಇಲ್ಲವಾದುದರಿಂದ, ಇವು ಬೇಡವಾದವು ಎಂದು ಆಪ್ಟ್ ಸೂಚಿಸುತ್ತದೆ. 'ಆಟೊರಿಮೂವ್' ಎಂದು ಆಜ್ಞಾಪಿಸಿದರೆ ಅವೂ ಹಾರಿಹೋಗುತ್ತವೆ. ಬೇರೆ ಕನ್ನಡ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಮತ್ತೆ ಅದೇ ಚೌಕಗಳ ಸಾಲು.