ಒಂಟಿ ವಸ್ತುವಿಗೂ ಸೆಳೆತ ಉಂಟೆ?



ಗಾರ್ಡನ್ ರೀಚಿನಲ್ಲಿ ಹೂಗ್ಲಿ ದಡದಲ್ಲಿ ನಿಂತು ಉಬ್ಬರದ ನೀರು ಏರುವುದನ್ನು ನೀವು ನೋಡಿಯೇ ಇರುತ್ತೀರಿ. ನಿಮ್ಮ ಬಂಗಾಳಿ ಗೆಳೆಯರು ‘ಜೋಯಾರ್’ ಎನ್ನುವುದು ಇದಕ್ಕೇ. ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರ ಸಮುದ್ರವನ್ನು ಸೆಳೆಯುವುದೇ ಇದಕ್ಕೆ ಮುಖ್ಯ ಕಾರಣ. ಅಲ್ಲಿ ಸೆಳೆಯುವುದೊಂದು, ಸೆಳೆತಕ್ಕೆ ಸಿಗುವುದೊಂದು. ಆದರೆ ಸೂರ್ಯ, ಚಂದ್ರ, ಭೂಮಿ ಯಾವುದೂ ಇಲ್ಲದ ಬರಿಯ ಬಯಲಿನಲ್ಲಿ ಒಂದೇ ಒಂದು ವಸ್ತು ಇದ್ದರೆ? ಅಲ್ಲಿ ಗುರುತ್ವಾಕರ್ಷಣೆ ಇರುತ್ತದೆಯೆ?

ಪದದ ಬಗ್ಗೆ ಒಂದು ಮಾತು. ಇಲ್ಲಿ ‘ಗುರು’ ಎಂದರೆ ಮೇಷ್ಟರಲ್ಲ, ಭಾರ. ಬಂಗಾಳಿಯಲ್ಲಿ ಭೂಮಿಯ ಸೆಳೆತಕ್ಕೆ ‘ಮಾಧ್ಯಾಕರ್ಷಣ’, ಎಲ್ಲ ವಸ್ತುಗಳ ಸೆಳೆತಕ್ಕೆ ‘ಮಹಾಕರ್ಷ’ ಎಂದು ಎರಡು ಹೆಸರಿವೆ. ನಾವು ಎರಡಕ್ಕೂ ಒಂದೇ ಪದ ಬಳಸುತ್ತೇವೆ. ಅದಕ್ಕೋ ಏನೋ, ಸೆಳೆಯುವುದು ಭೂಮಿ ಮಾತ್ರ ಎಂದು ಅನೇಕರು ತಿಳಿದಿದ್ದಾರೆ.

ಗಾರ್ಡನ್ ರೀಚ್ ಹಡಗು ಕಾರ್ಖಾನೆಯಲ್ಲಿ ತಯಾರಾಗಿ 2014ರಲ್ಲಿ ನೌಕಾಪಡೆ ಸೇರಿದ ‘ಕಮೋರ್ತಾ’ ಸುಮಾರು 109 ಮೀಟರ್ ಉದ್ದ, ಮೂರು ಸಾವಿರ ಟನ್ನಿಗೂ ಮಿಕ್ಕ ತೂಕ. ಅಂಥದೊಂದು ಹಡಗನ್ನು ಮನಸ್ಸಿನಲ್ಲೇ ಎತ್ತಿ ಆ ಬಯಲಿನಲ್ಲಿಡಿ. ಅದು ಬೀಳುವುದಿಲ್ಲ. ಬೀಳಲು ‘ಕೆಳಗೆ’ ಎಂಬುದೇ ಅಲ್ಲಿಲ್ಲವಲ್ಲ! ನಿಂತಿದ್ದರೆ ನಿಂತೇ ಇರುತ್ತದೆ, ಹೊರಟಿದ್ದರೆ ನೇರವಾಗಿ ಹೋಗುತ್ತಲೇ ಇರುತ್ತದೆ.

ಹಾಗಾದರೆ ಸೆಳೆತವೇ ಇಲ್ಲವೆ? ಇದೆ, ತೋರಿಸಿಕೊಡಲು ಇನ್ನೊಂದು ವಸ್ತುವಿಲ್ಲ ಅಷ್ಟೆ. ಹಡಗಿನ ಪಕ್ಕಕ್ಕೆ 100 ಮೀಟರ್ ದೂರದಲ್ಲಿ ಒಂದು ತೆಂಗಿನಕಾಯಿ ಇಟ್ಟು ಕೈಬಿಡಿ. ನಾನು ಲೆಕ್ಕ ಹಾಕಿ ನೋಡಿದೆ: ಮೊದಲ ಗಂಟೆಯಲ್ಲಿ ಕಾಯಿ ಚಲಿಸುವುದು ಅರ್ಧ ಗೇಣು. ಆಮೇಲೆ ವೇಗ ಏರುತ್ತಾ ಸುಮಾರು ಒಂದು ದಿನದಲ್ಲಿ ಹಡಗನ್ನು ಮುಟ್ಟುತ್ತದೆ. ಇದು ಬರಿಯ ಕಾಗದದ ಲೆಕ್ಕವಲ್ಲ; ಸೀಸದ ಗುಂಡುಗಳು ಒಂದನ್ನೊಂದು ಸೆಳೆಯುವುದನ್ನು ಹೆನ್ರಿ ಕ್ಯಾವೆಂಡಿಶ್ 1798ರಲ್ಲೇ ಅಳೆದು ತೋರಿಸಿದ್ದ.

ಈಗ ಕಾಯಿಯನ್ನು ತೆಗೆದುಬಿಡಿ. ಆಗಲೂ ಹಡಗಿನ ಒಂದೊಂದು ಕಣವೂ ಉಳಿದ ಕಣಗಳನ್ನು ಸೆಳೆಯುತ್ತಲೇ ಇರುತ್ತದೆ. ಉಕ್ಕಿನ ಗಟ್ಟಿತನದ ಮುಂದೆ ಆ ಸೆಳೆತ ಸೋಲುತ್ತದೆ, ಹಡಗು ಹಡಗಾಗಿಯೇ ಉಳಿಯುತ್ತದೆ. ವಸ್ತು ಬಹಳ ದೊಡ್ಡದಾದರೆ ಮಾತು ಬೇರೆ. ಸುಮಾರು 940 ಕಿಲೋಮೀಟರ್ ಅಗಲದ ಸೀರೆಸ್ ತನ್ನ ಸೆಳೆತದಿಂದಲೇ ಉಂಡೆಯಾಗಿದೆ. ಜಪಾನಿನ ಹಯಬುಸಾ ನೌಕೆ 2010ರಲ್ಲಿ ಯಾವುದರ ಧೂಳನ್ನು ಹೊತ್ತು ತಂದಿತೋ ಆ ಇಟೊಕಾವಾ ಅರ್ಧ ಕಿಲೋಮೀಟರಿನಷ್ಟು ಉದ್ದದ ಕ್ಷುದ್ರಗ್ರಹ; ಅದು ಇನ್ನೂ ಆಲೂಗಡ್ಡೆಯ ಹಾಗೇ ಇದೆ. ಅದರ ಮೇಲಿನ ಜಲ್ಲಿಕಲ್ಲುಗಳನ್ನು ಹಿಡಿದಿಟ್ಟಿರುವುದೂ ಅದರ ಸೆಳೆತವೇ. ಆದರೆ ನೀವು ಅಲ್ಲಿ ನಿಂತು ಮೆಲ್ಲಗೆ ಒಮ್ಮೆ ಜಿಗಿದರೂ ಮತ್ತೆ ಇಳಿದು ಬರುವುದಿಲ್ಲ.