ಕಾಣದ ಕಿರಣಗಳ ಕುಲಗೋತ್ರ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ರೋಗಿಯನ್ನು ತಣ್ಣನೆಯ ಫಲಕಕ್ಕೆ ಎದೆಯೊತ್ತಿ ನಿಲ್ಲಿಸಿ, ‘ಉಸಿರು ಎಳೆದು ಹಿಡಿದುಕೊಳ್ಳಿ’ ಎಂದು ಆಜ್ಞಾಪಿಸಿ, ತಾನು ಮಾತ್ರ ಸೀಸ ಹೊದಿಸಿದ ತಡಿಕೆಯ ಮರೆಗೆ ಸರಿದುಬಿಡುವ ತಂತ್ರಜ್ಞನನ್ನು ಕಂಡು, ‘ಇವನಿಗೆ ಒಗ್ಗದ ಕಿರಣ ನನಗೆ ಹೇಗೆ ಒಗ್ಗೀತು?’ ಎಂದು ಮನಸ್ಸಿನಲ್ಲಿ ಶಂಕಿಸದವರು ವಿರಳ. ಶಂಕೆ ಅಸಂಗತವೇನಲ್ಲ; ಆದರೆ ಸಮಾಧಾನ ದೊರೆಯಬೇಕಾದರೆ ಆ ಕಿರಣದ ಕುಲಗೋತ್ರವನ್ನು ತುಸು ವಿಚಾರಿಸಬೇಕಾಗುತ್ತದೆ.

ಕುಲ ಒಂದೇ: ವಿದ್ಯುತ್ಕಾಂತೀಯ ತರಂಗ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನಾರಂಭಿಸಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರ ‘ಆಕಾಶವಾಣಿ’ಯನ್ನು (ಹೆಸರು ಮುಂದೆ ಸಮಸ್ತ ದೇಶಕ್ಕೂ ಸಂದಿತು) ಹೊತ್ತೊಯ್ದ ಅಲೆಯೂ, ಒಲೆಯ ಕೆಂಡದಿಂದ ಮುಖಕ್ಕೆ ರಾಚುವ ಶಾಖವೂ, ಹಗಲಿನ ಬೆಳಕೂ, ಎಲುಬಿನ ಚಿತ್ರ ತೆಗೆಯುವ ಕ್ಷ-ಕಿರಣವೂ ದಾಯಾದಿಗಳೇ, ಶೂನ್ಯದಲ್ಲಿ ಎಲ್ಲದರ ವೇಗವೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಭೇದವಿರುವುದು ಅಲೆಯ ಉದ್ದದಲ್ಲಿ. ಮಧ್ಯಮ ತರಂಗದ ಬಾನುಲಿಯ ಅಲೆ ನೂರಾರು ಮೀಟರು ನೀಳ. ಕ್ಷ-ಕಿರಣದ್ದು ಪರಮಾಣುವಿನಷ್ಟು ಸೂಕ್ಷ್ಮ. ಅಲೆ ಕಿರಿದಾದಷ್ಟೂ ಅದು ತರುವ ಒಂದೊಂದು ಶಕ್ತಿಕಣದ ಪೆಟ್ಟು ಬಲವಾಗುತ್ತದೆ. ನೀಳವಾದವು ಬಹುಮಟ್ಟಿಗೆ ಕಾಯಿಸಬಲ್ಲವು. ಅತಿಹ್ರಸ್ವವಾದವು ಅಣುಗಳ ಬಂಧವನ್ನೇ ಕಡಿಯಬಲ್ಲವು.

ಅಡುಗೆಮನೆಯ ಮೈಕ್ರೋವೇವ್ ಒಲೆ ಮೊದಲ ವರ್ಗಕ್ಕೆ ಸೇರಿದುದು. ಅದರ ಅಲೆ ಸುಮಾರು 12 ಸೆಂಟಿಮೀಟರು. ಬಾಗಿಲಿನ ಗಾಜಿನೊಳಗಿರುವ ಲೋಹದ ಜಾಲರಿಯ ಕಿರುರಂಧ್ರಗಳಲ್ಲಿ ಅದು ನುಸುಳಲಾರದು, ನಮ್ಮ ದೃಷ್ಟಿ ಮಾತ್ರ ನುಸುಳುತ್ತದೆ. ಅದರಲ್ಲಿ ಕಾಯಿಸಿದ ಹಾಲು ಒಂದೆಡೆ ಉಗುರುಬೆಚ್ಚಗೂ ಇನ್ನೊಂದೆಡೆ ಕುದಿಬಿಸಿಯೂ ಆಗಿರುವುದುಂಟಾದ್ದರಿಂದ, ಕಲಕದೆ ಕೂಸಿನ ಬಾಯಿಗಿಡುವುದು ಅಪಾಯ. ಮೊಬೈಲಿನ ಅಲೆಗಳೂ ಇದೇ ಜಾತಿಯವು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇವನ್ನು ‘ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳವು’ ಎಂಬ ಪಟ್ಟಿಗೆ ಸೇರಿಸಿತು. ಅದು ದೋಷಸ್ಥಾಪನೆಯಲ್ಲ, ಖುಲಾಸೆಯೂ ಅಲ್ಲ. ದೂರ ಇಮ್ಮಡಿಯಾದರೆ ತೀವ್ರತೆ ಕಾಲುಭಾಗಕ್ಕಿಳಿಯುವುದು ತರಂಗಗಳ ಧರ್ಮವಾಗಿರಲು, ಬೀದಿಯಾಚೆಯ ಗೋಪುರವನ್ನು ಶಪಿಸುತ್ತ ಕಿವಿಗೆ ಮೊಬೈಲೊತ್ತಿಕೊಂಡು ಗಂಟೆಗಟ್ಟಲೆ ಮಾತನಾಡುವವರ ತರ್ಕ ನನಗಂತೂ ಅರ್ಥವಾಗಿಲ್ಲ.

ಅದೇ ಬೀದಿಯ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು ನೀಲಿ ಜ್ವಾಲೆಯನ್ನು ಬರಿಗಣ್ಣಿನಿಂದ ನೋಡುವ ಹುಡುಗರ ವಿಷಯದಲ್ಲಿ ಯಾರಿಗೂ ಆತಂಕವಿಲ್ಲ! ಅಲ್ಲಿಂದ ಹೊಮ್ಮುವ ಅತಿನೇರಳೆ ಕಿರಣ ಆ ಕ್ಷಣ ಏನನ್ನೂ ತಿಳಿಯಗೊಡದು. ರಾತ್ರಿ ಮಲಗಿದ ಬಳಿಕ ಕಣ್ಣಿನಲ್ಲಿ ಮರಳು ಸುರಿದಂತಹ ಉರಿಯೇಳುತ್ತದೆ. ಬಿಸಿಲಿನಲ್ಲಿಯೂ ಇರುವ ಈ ಕಿರಣವೇ ಚರ್ಮದಲ್ಲಿ ‘ಡಿ’ ಜೀವಸತ್ತ್ವವನ್ನು ಹುಟ್ಟಿಸುವುದು, ನೀರು ಶುದ್ಧಿಯ ಯಂತ್ರದಲ್ಲಿ ಕ್ರಿಮಿಗಳನ್ನು ಕೊಲ್ಲುವುದು, ಮಿತಿ ಮೀರಿದರೆ ಚರ್ಮದ ಕ್ಯಾನ್ಸರಿಗೂ ಕಣ್ಣಿನ ಪೊರೆಗೂ ಕಾರಣವಾಗುವುದು. ಇದನ್ನು ತಡೆಯದ ಅಗ್ಗದ ಕಪ್ಪು ಕನ್ನಡಕ ಇನ್ನೂ ಕೇಡು. ಅದರ ನೆರಳಿನಲ್ಲಿ ಪಾಪೆ ಅರಳಿ, ಕಿರಣಕ್ಕೆ ಬಾಗಿಲನ್ನು ಇನ್ನಷ್ಟು ಅಗಲವಾಗಿ ತೆರೆಯುತ್ತದೆ.

ಇನ್ನು ಕ್ಷ-ಕಿರಣ. 1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ರಾಂಟ್ಜನ್ ಇದನ್ನು ಕಂಡುಹಿಡಿದು, ಮುಂದಿನ ತಿಂಗಳು ತನ್ನ ಪತ್ನಿಯ ಕೈಯೆಲುಬುಗಳನ್ನೂ ಬೆರಳಿನ ಉಂಗುರವನ್ನೂ ಚಿತ್ರಫಲಕದಲ್ಲಿ ಮೂಡಿಸಿದಾಗ ಲೋಕವೇ ಬೆರಗಾಯಿತು. ಬೆರಗು ವಿವೇಕವನ್ನು ಮರೆಸಿತು. ಅಮೆರಿಕ, ಯೂರೋಪುಗಳ ಪಾದರಕ್ಷೆಯ ಅಂಗಡಿಗಳಲ್ಲಿ ಮಕ್ಕಳ ಪಾದ ಬೂಟಿನೊಳಗೆ ಹೇಗೆ ಕುಳಿತಿದೆಯೆಂದು ತೋರಿಸಲು ಕ್ಷ-ಕಿರಣ ಯಂತ್ರಗಳನ್ನಿಟ್ಟು ದಶಕಗಳ ಕಾಲ ವ್ಯಾಪಾರ ನಡೆಸಿದರು! ಅದಕ್ಕೂ ಮೊದಲೇ, ಎಡಿಸನ್ನನ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಕ್ಷ-ಕಿರಣದ ಕೊಳವೆಗಳನ್ನು ಪರೀಕ್ಷಿಸಲು ದಿನವೂ ತನ್ನ ಕೈಯನ್ನೇ ಒಡ್ಡಿ, ಕೈಗಳನ್ನು ಕಳೆದುಕೊಂಡು, 1904ರಲ್ಲಿ ತೀರಿಕೊಂಡಿದ್ದನು. ಎಡಿಸನ್ ಭಯಗೊಂಡು ಆ ಸಂಶೋಧನೆಯನ್ನೇ ಕೈಬಿಟ್ಟನು.

ಡ್ಯಾಲಿಗೆ ಮರೆಯಾಗಲು ತಡಿಕೆಯಿರಲಿಲ್ಲ. ಇನ್ನು ಮೊದಲಿನ ಶಂಕೆಗೆ ಬಂದರೆ, ಎದೆಯ ಒಂದು ಚಿತ್ರದಿಂದ ರೋಗಿಗೆ ತಗಲುವ ವಿಕಿರಣವು ನೆಲದಿಂದಲೂ ಆಕಾಶದಿಂದಲೂ ಕೆಲವೇ ದಿನಗಳಲ್ಲಿ ನಮಗೆ ತಾನಾಗಿ ತಗಲುವಷ್ಟು, ಸಿ.ಟಿ. ಸ್ಕ್ಯಾನಿನದು ಅದರ ಅನೇಕ ಪಟ್ಟು, ಆದುದರಿಂದ ವೈದ್ಯರು ಬೇಡವೆಂದಾಗಲೂ ಹಟಹಿಡಿದು ಮಾಡಿಸಿಕೊಳ್ಳತಕ್ಕದ್ದಲ್ಲ. ಗರ್ಭಿಣಿಯಾದವಳು ಮೊದಲೇ ತಿಳಿಸತಕ್ಕದ್ದು. ರೋಗಿಗೆ ಕಿರಣ ತಗಲುವುದು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ. ತಂತ್ರಜ್ಞನಿಗೋ ಬೆಳಗಿನಿಂದ ಸಂಜೆಯವರೆಗೆ, ವರ್ಷವೆಲ್ಲ. ಅವನ ಅಂಗಿಗೆ ಸಿಕ್ಕಿಸಿರುವ ಪುಟ್ಟ ಬಿಲ್ಲೆಯನ್ನು ಗಮನಿಸಿರಬಹುದು. ಅವನ ಮೈಮೇಲೆ ಬಿದ್ದ ಕಿರಣದ ಲೆಕ್ಕವನ್ನು ಅದು ಬರೆದಿಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಪ್ರಯೋಗಶಾಲೆಗೆ ಹೋಗಿ ಒಪ್ಪಿಸಿ ಬರುತ್ತದೆ.